ಊರುಗೋಲು

ಬಯಲುಸೀಮೆಯ ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರವಾಗಿರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಳಗೆ ಫರಸಿ ಹಾಸಿದ ಪಡಸಾಲೆ, ಹೊರಗೆ ಕುಳಿತು ಮಾತನಾಡಲು ಕಟ್ಟೆ ಇರುವ ಮನೆಗಳು ಇಂದಿಗೂ ಕಾಣಸಿಗುತ್ತವೆ. ಮನೆಯವರು ದಿನಕ್ಕೆ ಹತ್ತಾರು ಬಾರಿ ಹೊಸ್ತಿಲನ್ನು ದಾಟುತ್ತಾರೆ; ದಾಟಿದೆವೆಂಬ ಅರಿವು ಕೂಡ ಅವರಿಗಿರುವುದಿಲ್ಲ. ಅಂಬೆಗಾಲಿಡುವ ಮಗು ಮೊದಲ ಬಾರಿಗೆ ಅದನ್ನು ದಾಟಿದಾಗ ಮನೆಯಲ್ಲಿ ಸಿಹಿ ಹಂಚುವುದುಂಟು. ಆದರೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಸೊಂಟದ ಎಲುಬು ಮುರಿದು, ಶಸ್ತ್ರಚಿಕಿತ್ಸೆಯಾಗಿ, ಮೂರು ತಿಂಗಳ ಮೇಲೆ ಅದೇ ಹೊಸ್ತಿಲನ್ನು ಮತ್ತೆ ದಾಟಿದರೆ ಆ ದಿನವನ್ನು ಯಾರೂ ಹಬ್ಬವೆಂದು ಎಣಿಸುವುದಿಲ್ಲ. ವಾಸ್ತವವಾಗಿ ನೋಡಿದರೆ, ಈ ಎರಡನೆಯ ದಾಟುವಿಕೆ ಮೊದಲನೆಯದಕ್ಕಿಂತ ಕಠಿನವಾದುದು.

ಸೊಂಟದ ಎಲುಬು ಮುರಿಯಲು ದೊಡ್ಡ ಅಪಘಾತವೇನೂ ಬೇಕಾಗಿಲ್ಲ. ಮರದಿಂದ ಬೀಳಬೇಕಾಗಿಲ್ಲ, ಬಂಡಿಯಿಂದ ಉರುಳಬೇಕಾಗಿಲ್ಲ. ವೃದ್ಧರಲ್ಲಿ ಈ ಬಗೆಯ ಮುರಿತಗಳಲ್ಲಿ ಹೆಚ್ಚಿನವು ನಿಂತ ನಿಲುವಿನಿಂದ ನೆಲಕ್ಕೆ ಬಿದ್ದದ್ದರಿಂದಲೇ ಆಗುತ್ತವೆ. ನಸುಕಿನಲ್ಲಿ ಬಚ್ಚಲಿಗೆ ಹೋದವರು ಒದ್ದೆಯಾದ ಫರಸಿಯ ಮೇಲೆ ಜಾರುತ್ತಾರೆ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ನಡಿಗೆ ತಪ್ಪುತ್ತದೆ. ಮಬ್ಬುಗತ್ತಲೆಯಲ್ಲಿ ದನ ಕಟ್ಟಿದ ಹಗ್ಗಕ್ಕೆ ಕಾಲು ಸಿಕ್ಕಿಕೊಳ್ಳುತ್ತದೆ. ಹರೆಯದವರಾದರೆ ಮೈ ಕೊಡವಿಕೊಂಡು ಎದ್ದುಬಿಡುತ್ತಾರೆ. ವೃದ್ಧರಿಗೆ ಅದು ಸಾಧ್ಯವಾಗುವುದಿಲ್ಲ. ಏಕೆಂದರೆ ವಯಸ್ಸಾದಂತೆ ಎಲುಬಿನ ಸಾಂದ್ರತೆ ಕಡಮೆಯಾಗಿ ಒಳಗೆ ಟೊಳ್ಳು ಹೆಚ್ಚುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಸವಕಳಿ ಇನ್ನೂ ತೀವ್ರವಾಗುತ್ತದೆ. ಆದುದರಿಂದಲೇ ಸೊಂಟದ ಮುರಿತಕ್ಕೆ ಗುರಿಯಾಗುವವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. 2000ನೆಯ ವರ್ಷ ಒಂದರಲ್ಲಿಯೇ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಮಂದಿಗೆ ಈ ಮುರಿತವಾಯಿತೆಂದು ತಜ್ಞರು ಅಂದಾಜು ಮಾಡಿದ್ದಾರೆ.

ಸೊಂಟದ ಕೀಲಿನ ರಚನೆ ಸೋಜಿಗವನ್ನುಂಟುಮಾಡುವಂಥದು. ತೊಡೆಯೆಲುಬಿನ ಮೇಲ್ತುದಿ ಚೆಂಡಿನಂತೆ ದುಂಡಾಗಿದೆ. ಅದು ಸೊಂಟದ ಎಲುಬಿನಲ್ಲಿರುವ ಬಟ್ಟಲಿನಂಥ ಕುಳಿಯಲ್ಲಿ ಕುಳಿತು ಎಲ್ಲ ದಿಕ್ಕುಗಳಿಗೂ ತಿರುಗುತ್ತದೆ. ಚೆಂಡಿಗೂ ಎಲುಬಿನ ಕಾಂಡಕ್ಕೂ ನಡುವೆ ಓರೆಯಾದ ಒಂದು ಕತ್ತಿದೆ. ಮುರಿತವಾಗುವುದು ಸಾಮಾನ್ಯವಾಗಿ ಈ ಕತ್ತಿನಲ್ಲಿ, ಇಲ್ಲವೆ ಅದರ ಬುಡದಲ್ಲಿ. ಕೈಯ ಎಲುಬು ಮುರಿದಾಗ ಹಳ್ಳಿಯ ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ ಕೂಡಿಸುವುದನ್ನು ಜನ ಕಂಡಿದ್ದಾರೆ. ಸೊಂಟದ ಮುರಿತಕ್ಕೆ ಆ ಉಪಾಯ ಸಾಗದು. ಆ ಎಲುಬು ಮಾಂಸಖಂಡಗಳ ಆಳದಲ್ಲಿದೆ. ಬಲವಾದ ಸ್ನಾಯುಗಳು ಮುರಿದ ತುದಿಗಳನ್ನು ಮೇಲಕ್ಕೆಳೆದು ಕಾಲನ್ನು ಗಿಡ್ಡವಾಗಿಸುತ್ತವೆ. ಹೊರಗಿನಿಂದ ಕಟ್ಟಿದ ಯಾವ ಪಟ್ಟಿಯೂ ಅವನ್ನು ಹಿಡಿದಿಡಲಾರದು. ಅದಲ್ಲದೆ ಕತ್ತಿನಲ್ಲಿ ಮುರಿತವಾದಾಗ ಚೆಂಡಿಗೆ ಹೋಗುವ ರಕ್ತನಾಳಗಳೇ ಹರಿದುಹೋಗುವುದುಂಟು. ರಕ್ತವಿಲ್ಲದೆ ಎಲುಬು ಕೂಡುವುದು ಹೇಗೆ?

ಹಿಂದಿನ ಕಾಲದಲ್ಲಿ ಇದಕ್ಕಿದ್ದ ಉಪಾಯ ಒಂದೇ: ಕಾಲಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಮಲಗಿಸುವುದು. ಎಲುಬು ಕೂಡಲಿ ಎಂದು ಮಲಗಿಸಿದರೆ ಉಳಿದ ದೇಹವೇ ಸೋಲುತ್ತಿತ್ತು. ಮಲಗಿದಲ್ಲೇ ಮಲಗಿದವರ ಬೆನ್ನು ಹುಣ್ಣಾಗುತ್ತದೆ. ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಾಂಸಖಂಡಗಳು ದಿನದಿನಕ್ಕೆ ಕರಗುತ್ತವೆ. ಹಾಸಿಗೆ ಹಿಡಿದರು ಎಂದು ಜನ ಹೇಳುವ ಮಾತಿನಲ್ಲಿ ಎಂಥ ಭಯವಿದೆಯೆಂಬುದು ಇದರಿಂದ ತಿಳಿಯುತ್ತದೆ. ಅನೇಕ ವೃದ್ಧರು ಸಾಯುತ್ತಿದ್ದುದು ಮುರಿತದಿಂದಲ್ಲ, ಹಾಸಿಗೆಯಿಂದ.

ಈ ಸ್ಥಿತಿಯನ್ನು ಬದಲಿಸಿದುದು ಶಸ್ತ್ರವಿದ್ಯೆ. ಅಮೆರಿಕೆಯ ಬಾಸ್ಟನ್ ನಗರದ ಸ್ಮಿತ್-ಪೀಟರ್ಸನ್ ಎಂಬ ವೈದ್ಯರು ಮೂರು ರೆಕ್ಕೆಗಳುಳ್ಳ ಲೋಹದ ಮೊಳೆಯಿಂದ ಮುರಿದ ಕತ್ತನ್ನು ಜೋಡಿಸುವ ವಿಧಾನವನ್ನು 1931ರಲ್ಲಿ ಪ್ರಕಟಿಸಿದರು. 1940ರಲ್ಲಿ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ ಎಂಬವರು ತೊಡೆಯೆಲುಬಿನ ಮೇಲ್ಭಾಗಕ್ಕೆ ಬದಲಾಗಿ ಲೋಹದ ಕೃತಕ ಅಂಗವನ್ನು ಕೂಡಿಸಿದರು. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ಚೆಂಡು, ಬಟ್ಟಲು ಎರಡನ್ನೂ ಬದಲಾಯಿಸುವ ಕ್ರಮವನ್ನು ಒಂದು ನೆಲೆಗೆ ತಂದರು. ಇಂದು ಮುರಿತ ಎಲ್ಲಿದೆಯೆಂಬುದನ್ನು ನೋಡಿ ವೈದ್ಯರು ಸರಳಿನಿಂದಲೋ ತಿರುಪಿನಿಂದಲೋ ಎಲುಬನ್ನು ಜೋಡಿಸುತ್ತಾರೆ, ಇಲ್ಲವೆ ಚೆಂಡನ್ನೇ ಬದಲಿಸುತ್ತಾರೆ. ಇವೆಲ್ಲವುಗಳ ಉದ್ದೇಶ ಒಂದೇ: ರೋಗಿಯನ್ನು ಆದಷ್ಟು ಬೇಗ ಹಾಸಿಗೆಯಿಂದ ಎಬ್ಬಿಸುವುದು. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 3000 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯನ್ನು ಇನ್ನಷ್ಟು ತ್ವರಿತಗೊಳಿಸಿದ ಮಾತ್ರಕ್ಕೆ ಸಾವು ಕಡಮೆಯಾಗಲಿಲ್ಲ. ಆದರೆ ಬೇಗ ಚಿಕಿತ್ಸೆ ಪಡೆದವರಲ್ಲಿ ಮತಿಭ್ರಮೆ ಕಡಮೆಯಾಗಿತ್ತು, ಅವರು ಬೇಗ ಎದ್ದು ನಿಂತರು, ಬೇಗ ಮನೆಗೆ ಮರಳಿದರು.

ಬರದ ನಾಡೆಂದು ಹೆಸರಾದ ಈ ಜಿಲ್ಲೆಯಲ್ಲಿ ಇಂಥ ಚಿಕಿತ್ಸೆ ಕೈಗೆಟಕಿದುದು ಇತ್ತೀಚಿನ ಮಾತು. 1980ರ ದಶಕದಲ್ಲಿ ಜಿಲ್ಲಾ ಕೇಂದ್ರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಹುಟ್ಟಿದವು, ಅವುಗಳಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು 1986ರದು. 2008ರಲ್ಲಿ ರಾಜ್ಯದಲ್ಲಿ 108 ಸಂಖ್ಯೆಯ ತುರ್ತುವಾಹನ ಸೇವೆ ಬಂದಿತು. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಆರಂಭವಾಯಿತು. ವಿಜಾಪುರವೆಂಬ ಹೆಸರು 2014ರಲ್ಲಿ ವಿಜಯಪುರವೆಂದಾಯಿತು. ಆದರೆ ಈ ತಾಲೂಕುಗಳಿಂದ ಅಲ್ಲಿಗಿರುವ ಸುಮಾರು 40ರಿಂದ 80 ಕಿಲೋಮೀಟರುಗಳ ದಾರಿ ಹಾಗೆಯೇ ಉಳಿದಿದೆ. ಮುರಿದ ಸೊಂಟವನ್ನು ಹೊತ್ತು ಆ ದಾರಿಯನ್ನು ಕ್ರಮಿಸಿದವರಿಗೆ ಅದರ ಉದ್ದ ಗೊತ್ತು. ಅಷ್ಟಾಗಿಯೂ ಶಸ್ತ್ರಚಿಕಿತ್ಸೆಯೆಂಬುದು ಒಂದೆರಡು ತಾಸಿನ ಕೆಲಸ. ನಿಜವಾದ ಕೆಲಸ ಮನೆಗೆ ಬಂದ ಮೇಲೆ ಪ್ರಾರಂಭವಾಗುತ್ತದೆ. ಅಲ್ಲಿ ವೈದ್ಯರಿರುವುದಿಲ್ಲ, ಮನೆಯವರಿರುತ್ತಾರೆ.

ಶಸ್ತ್ರಚಿಕಿತ್ಸೆಯಾದ ಮರುದಿನವೇ ರೋಗಿಯನ್ನು ಎಬ್ಬಿಸಿ ಕೂರಿಸುತ್ತಾರೆ, ಸಾಧ್ಯವಾದರೆ ನಿಲ್ಲಿಸುತ್ತಾರೆ. ನೋಡುವವರಿಗೆ ಇದು ಕ್ರೌರ್ಯವೆಂದು ತೋರಬಹುದು. ಆದರೆ ಇದೇ ನಿಜವಾದ ಕರುಣೆ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಸ್ನಾಯುವನ್ನು ಬಿಗಿದು ಸಡಿಲಿಸುವುದು, ದೀರ್ಘವಾಗಿ ಉಸಿರೆಳೆಯುವುದು ಮೊದಲ ಪಾಠಗಳು. ಬಳಿಕ ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುವ ಪಾಠ. ಮೊದಲು ವಾಕರ್ ಮುಂದೆ ಹೋಗಬೇಕು; ಅನಂತರ ನೋವಿನ ಕಾಲು; ಕೊನೆಗೆ ಗಟ್ಟಿ ಕಾಲು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನು ವೈದ್ಯರೇ ಹೇಳಬೇಕು.

ಕೆಲವು ವಾರಗಳ ಮೇಲೆ ವಾಕರ್ ಹೋಗಿ ಊರುಗೋಲು ಬರುತ್ತದೆ. ಬಲಗಾಲು ನೋಯುವವರು ಕೋಲನ್ನು ಬಲಗೈಯಲ್ಲಿ ಹಿಡಿಯಬೇಕೆಂದು ಬಹುಜನ ಭಾವಿಸುತ್ತಾರೆ. ಅದು ಸರಿಯಲ್ಲ, ಕೋಲು ಎಡಗೈಯಲ್ಲಿರಬೇಕು. ಸನ್ನೆಯ ತತ್ತ್ವವನ್ನು ಓದಿದ ವಿದ್ಯಾರ್ಥಿಗಳಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಒಂದೇ ಕಾಲಿನ ಮೇಲೆ ನಿಂತಾಗ ಸೊಂಟದ ಕೀಲು ಆನಿಕೆಯ ಬಿಂದುವಾಗುತ್ತದೆ. ದೇಹದ ತೂಕ ಒಂದು ಕಡೆಗೆ ಜಗ್ಗುತ್ತದೆ. ಪಕ್ಕದ ಸ್ನಾಯುಗಳು ಇನ್ನೊಂದು ಕಡೆಗೆ ಎಳೆದು ಸಮತೂಕವನ್ನು ಕಾಯುತ್ತವೆ. ಆ ಸ್ನಾಯುಗಳ ಭುಜ ಗಿಡ್ಡವಾದುದರಿಂದ ಅವು ಬಹಳ ಬಲವಾಗಿ ಎಳೆಯಬೇಕಾಗುತ್ತದೆ. ಹೀಗಾಗಿ ಕೀಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟು, ಅಥವಾ ಅದಕ್ಕೂ ಮಿಗಿಲಾದ ಭಾರ ಬೀಳುತ್ತದೆ. ಎದುರು ಕೈಯ ಕೋಲು ಕೀಲಿನಿಂದ ದೂರದಲ್ಲಿರುವುದರಿಂದ ಉದ್ದನೆಯ ಭುಜದ ಲಾಭ ಅದಕ್ಕಿದೆ. ಅದರ ಮೇಲೆ ಹಾಕಿದ ಅಲ್ಪ ಬಲವೇ ಕೀಲಿನ ದೊಡ್ಡ ಹೊರೆಯನ್ನು ಇಳಿಸುತ್ತದೆ. ಮುತ್ಯಾನ ಕೈಯ ಸಾಮಾನ್ಯ ಕೋಲಿನಲ್ಲಿ ಭೌತವಿಜ್ಞಾನದ ಒಂದು ಪಾಠವೇ ಅಡಗಿದೆ.

ನಡಿಗೆ ಬಂದರೆ ಎಲ್ಲವೂ ಬಂದಂತಾಯಿತೆ? ಇಲ್ಲ. ಬದುಕೆಂದರೆ ನಡಿಗೆ ಮಾತ್ರವಲ್ಲ. ಅಮೆರಿಕೆಯ ಕ್ಲೀವ್‌ಲ್ಯಾಂಡ್ ನಗರದ ಬೆಂಜಮಿನ್ ರೋಸ್ ಆಸ್ಪತ್ರೆಯಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಸೊಂಟ ಮುರಿದ ವೃದ್ಧರನ್ನು ಬಹುಕಾಲ ಗಮನಿಸಿದರು. ವೃದ್ಧರು ಸ್ವತಂತ್ರರೋ ಪರಾಧೀನರೋ ಎಂಬುದನ್ನು ಅಳೆಯಲು ಅವರು ಆರು ದೈನಂದಿನ ಕೆಲಸಗಳನ್ನು ಗುರುತಿಸಿದರು: ಸ್ನಾನ ಮಾಡುವುದು, ಬಟ್ಟೆ ಉಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಮೇಲೆ ಹತೋಟಿ, ತನ್ನ ಕೈಯಾರೆ ಉಣ್ಣುವುದು. 1963ರಲ್ಲಿ ಪ್ರಕಟವಾದ ಈ ಅಳತೆಗೋಲನ್ನು ಜಗತ್ತಿನ ವೈದ್ಯರು ಇಂದಿಗೂ ಬಳಸುತ್ತಾರೆ.

ಕಾಟ್ಜ್ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಈ ಆರು ಕೆಲಸಗಳು ವೃದ್ಧರಿಗೆ ಮರಳಿ ಬರುವುದರಲ್ಲಿ ಒಂದು ಕ್ರಮವಿದೆ. ಮೊದಲು ಉಣ್ಣುವುದು ಮತ್ತು ಹತೋಟಿ. ಬಳಿಕ ಏಳುವುದು ಮತ್ತು ಶೌಚಕ್ಕೆ ಹೋಗುವುದು. ಕೊನೆಗೆ ಬಟ್ಟೆ ಮತ್ತು ಸ್ನಾನ. ಮಗುವೊಂದು ಬೆಳೆಯುವ ಕ್ರಮವೂ ಇದಕ್ಕೆ ಹೋಲುತ್ತದೆ! ಕೂಸು ಮೊದಲು ತುತ್ತನ್ನು ಬಾಯಿಗಿಟ್ಟುಕೊಳ್ಳಲು ಕಲಿಯುತ್ತದೆ. ತಾನೇ ಅಂಗಿ ತೊಡಲು, ತಾನೇ ಮೀಯಲು ಕಲಿಯುವುದು ಬಹಳ ತಡವಾಗಿ. ಅಜ್ಜಿ ಮತ್ತು ಮೊಮ್ಮಗು ಒಂದೇ ಏಣಿಯ ಮೆಟ್ಟಿಲುಗಳನ್ನು ಏರುತ್ತಿರುತ್ತಾರೆ. ಭೇದವಿಷ್ಟೆ: ಮಗುವಿಗೆ ಹಿಂದಿನ ನೆನಪಿಲ್ಲ; ಅದಕ್ಕೆ ಎಲ್ಲವೂ ಗಳಿಕೆ. ಅಜ್ಜಿಗೆ ತಾನು ಕಳೆದುಕೊಂಡದ್ದೆಲ್ಲ ನೆನಪಿದೆ. ನಾಲ್ಕು ಮಕ್ಕಳನ್ನು ಮೀಯಿಸಿದ ಕೈಗಳು ಈಗ ಒಂದು ತಂಬಿಗೆ ನೀರಿಗಾಗಿ ಸೊಸೆಯ ದಾರಿ ಕಾಯುತ್ತವೆ. ಆ ನಾಚಿಕೆಯ ನೋವಿಗೆ ಯಾವ ಗುಳಿಗೆಯೂ ಇಲ್ಲ. ಅದನ್ನು ಕಳೆಯುವ ಉಪಾಯ ಒಂದೇ: ಆ ತಂಬಿಗೆಯನ್ನು ಅವಳೇ ಎತ್ತುವಂತೆ ಮಾಡುವುದು.

ಇಲ್ಲಿಯೇ ಮನೆಯವರ ಪ್ರೀತಿ ದಾರಿ ತಪ್ಪುವುದುಂಟು. “ಆಯಿ, ನೀ ಏಳಬ್ಯಾಡ, ಸುಮ್ಮ ಮಲಕ್ಕೊ. ನಿನಗೇನು ಬೇಕು ಹೇಳು, ತಂದುಕೊಡತೀವಿ” ಎಂಬ ಮಾತು ಎಷ್ಟು ಮಧುರವಾಗಿದೆ! ಹೇಳುವವರ ಮನಸ್ಸಿನಲ್ಲಿ ಕಪಟವಿಲ್ಲ. ಮತ್ತೆ ಬಿದ್ದಾಳೆಂಬ ಭಯವಿದೆ. ನೆರೆಹೊರೆಯವರು ಮುದುಕಿಯನ್ನು ದುಡಿಸುತ್ತಾರೆ ಎಂದಾರೆಂಬ ಸಂಕೋಚವೂ ಇದೆ. ಆದರೆ ಎಲ್ಲವನ್ನೂ ಹಾಸಿಗೆಗೇ ತಂದುಕೊಟ್ಟರೆ ಹಾಸಿಗೆಯನ್ನು ಬಿಡುವ ಕಾರಣವೇ ಉಳಿಯುವುದಿಲ್ಲ. ಬಳಸದ ಸ್ನಾಯು ಕರಗುತ್ತದೆ. ಕರಗಿದ ಸ್ನಾಯು ನಡಿಗೆಯನ್ನು ಇನ್ನಷ್ಟು ಅಂಜಿಕೆಯದಾಗಿಸುತ್ತದೆ. ಅಂಜಿಕೆ ಮತ್ತೆ ಹಾಸಿಗೆಗೆ ತಳ್ಳುತ್ತದೆ. ಬೇಕಾದುದು ಮಲಗಿಸುವ ಪ್ರೀತಿಯಲ್ಲ, ನಡೆಸುವ ಪ್ರೀತಿ. ನೀರನ್ನು ತಂದುಕೊಡುವುದಕ್ಕಿಂತ, ನೀರಿನ ಕೊಡದವರೆಗೆ ಅವಳ ಜೊತೆಯಲ್ಲಿ ನಡೆಯುವುದು ಮೇಲು. ಅದಕ್ಕೆ ಹತ್ತು ಪಟ್ಟು ಹೊತ್ತು ಹಿಡಿಯುತ್ತದೆ, ನಿಜ. ಈ ಚಿಕಿತ್ಸೆಯಲ್ಲಿ ಅತ್ಯಂತ ದುಬಾರಿಯಾದ ಔಷಧ ಹೊತ್ತೇ ಆಗಿದೆ.

ಆ ಹೊತ್ತನ್ನು ಕೊಡುವವರು ಎಲ್ಲ ಮನೆಗಳಲ್ಲಿ ಇರುವುದಿಲ್ಲವೆಂಬುದೂ ಸತ್ಯ. ಮಳೆ ಕೈಕೊಟ್ಟ ವರ್ಷ ಈ ಭಾಗದ ಅನೇಕರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಹೀಗಾಗಿ ವಾಕರಿನ ಹಿಂದೆ ನಡೆದು ಕಾಯುವ ಕೆಲಸ ಎಷ್ಟೋ ಕಡೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳ ಪಾಲಿಗೆ ಬರುತ್ತದೆ.

ಈ ನೆಲದ ಜೀವನಕ್ರಮವೂ ತನ್ನದೇ ತೊಡಕುಗಳನ್ನು ಒಡ್ಡುತ್ತದೆ. ಇಲ್ಲಿ ಊಟ ನೆಲದ ಮೇಲೆ, ರೊಟ್ಟಿ ತಟ್ಟುವುದು ಒಲೆಯ ಮುಂದೆ ಕುಳಿತು, ಶೌಚ ಕುಕ್ಕರುಗಾಲಿನಲ್ಲಿ. ಕೃತಕ ಚೆಂಡನ್ನು ಕೂಡಿಸಿಕೊಂಡವರು ಕುಕ್ಕರುಗಾಲಿನಲ್ಲಿ ಕೂರುವುದಾಗಲಿ ಚಕ್ಕಳಮಕ್ಕಳ ಹಾಕುವುದಾಗಲಿ ಕೂಡದೆಂದು ವೈದ್ಯರು ಸಾಮಾನ್ಯವಾಗಿ ಎಚ್ಚರಿಸುತ್ತಾರೆ. ಹಾಗೆ ಬಾಗಿದರೆ ಚೆಂಡು ಕುಳಿಯಿಂದ ಜಾರಬಹುದು. ಆದುದರಿಂದ ಮನೆಯೇ ಸ್ವಲ್ಪ ಬದಲಾಗಬೇಕಾಗುತ್ತದೆ. ನೆಲದ ಹಾಸಿಗೆಯ ಬದಲು ಮೊಣಕಾಲೆತ್ತರದ ಮಂಚ ಬೇಕು. ನಡುವೆ ತೂತುಳ್ಳ ಕುರ್ಚಿಯೊಂದನ್ನು ಊರಿನ ಬಡಿಗನೇ ಮಾಡಿಕೊಟ್ಟಾನು. ಬಚ್ಚಲಿನ ಗೋಡೆಗೆ ಹಿಡಿಯಲು ಒಂದು ಸಲಾಕೆ, ಜಾರದಂತೆ ಒರಟು ಚಾಪೆ, ರಾತ್ರಿ ದಾರಿ ಕಾಣಲು ಒಂದು ಸಣ್ಣ ದೀಪ, ಎತ್ತರದ ಹೊಸ್ತಿಲಿನ ಎರಡೂ ಬದಿಗೆ ಒಂದೊಂದು ಕಲ್ಲಿನ ಮೆಟ್ಟಿಲು ಇದ್ದರೆ ಸಾಕು. ಇವುಗಳ ಖರ್ಚು ಅಲ್ಪ. ಇವು ತಪ್ಪಿಸುವ ಕಷ್ಟ ಅಪಾರ.

ದೇಹದಂತೆಯೇ ಮನಸ್ಸಿನ ಕಡೆಗೂ ಗಮನವಿರಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವೃದ್ಧರು ಹೊತ್ತು ಗೊತ್ತಿಲ್ಲದೆ ಮಾತನಾಡುತ್ತಾರೆ, ಸತ್ತವರನ್ನು ಹೆಸರಿಡಿದು ಕರೆಯುತ್ತಾರೆ. ಗಾಳಿ ಸೋಕಿದೆಯೆಂದು ಮನೆಯವರು ಅಂಜುವುದುಂಟು. ಅದು ಗಾಳಿಯಲ್ಲ, ನೋವು, ನಿದ್ರೆಗೇಡು, ಸೋಂಕು, ಅಪರಿಚಿತ ಸ್ಥಳ ಇವುಗಳಿಂದ ಉಂಟಾಗುವ ಮತಿಭ್ರಮೆ. ಕೂಡಲೆ ವೈದ್ಯರಿಗೆ ತಿಳಿಸಬೇಕು. ಕನ್ನಡಕ ಕೈಗೆ ಸಿಗುವಂತಿಡುವುದು, ಹಗಲಿನ ಬೆಳಕು ಕಾಣುವಂತೆ ಕೂರಿಸುವುದು, ಪರಿಚಿತ ದನಿಯಲ್ಲಿ ಮಾತನಾಡಿಸುವುದು ಬಹಳ ಸಹಾಯ ಮಾಡುತ್ತವೆ. ಇನ್ನು ಮತ್ತೆ ಬೀಳುವ ಭಯ. ಅದನ್ನು ನಗೆಯಾಡಬಾರದು. ಅಂಗಳದ ಬೇವಿನ ಮರದವರೆಗೆ ಇಂದು, ಪಕ್ಕದ ಮನೆಯ ಕಟ್ಟೆಯವರೆಗೆ ನಾಳೆ, ಗುಡಿಯವರೆಗೆ ಮುಂದಿನ ವಾರ ಎಂದು ದಾರಿಯನ್ನು ತುಂಡುಮಾಡಿ ಕೊಟ್ಟರೆ ಭಯವೂ ತುಂಡಾಗುತ್ತದೆ.

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ದೇಹವನ್ನೇ ದೇಗುಲವೆಂದು ಕಂಡು, ಕಾಯಕಕ್ಕೆ ಪೂಜೆಯ ಘನತೆಯನ್ನು ಕೊಟ್ಟ ಮಹಾನುಭಾವರು ಅವರು. ಕಾಯಕವೆಂದರೆ ಸಂಪಾದನೆ ಮಾತ್ರವಲ್ಲ. ತಾನು ಲೋಕಕ್ಕೆ ಬೇಕಾದವನು ಎಂಬ ಅರಿವೂ ಅದರಲ್ಲಿದೆ. ಹಾಸಿಗೆಯಿಂದ ಎದ್ದ ಅಜ್ಜಿ ಮೊದಲು ಕೇಳುವುದು ಕೆಲಸವನ್ನೇ. ಶೇಂಗಾ ಸುಲಿಯುವುದು, ಬೇಳೆ ಹಸನು ಮಾಡುವುದು, ದೀಪದ ಬತ್ತಿ ಹೊಸೆಯುವುದು, ಕೌದಿಗೆ ಹೊಲಿಗೆ ಹಾಕುವುದು ಇವೆಲ್ಲ ಕುರ್ಚಿಯಲ್ಲಿ ಕುಳಿತು ಮಾಡಬಲ್ಲ ಕಾಯಕಗಳು. ಎತ್ತರದ ಕಟ್ಟೆಯ ಮೇಲೆ ಒಲೆಯಿಟ್ಟರೆ ನಿಂತು ಒಂದೆರಡು ರೊಟ್ಟಿ ಬೇಯಿಸುವುದೂ ಅಸಾಧ್ಯವಲ್ಲ. ಆ ರೊಟ್ಟಿ ಮೊದಲಿನಷ್ಟು ತೆಳ್ಳಗಿರಲಿಕ್ಕಿಲ್ಲ. ಅದನ್ನು ಉಂಡವರ ಕಣ್ಣಿನಲ್ಲಿ ಅವಳು ಮತ್ತೆ ಮನೆಯ ಹಿರಿಯಳಾಗುತ್ತಾಳೆ.

ಎಲ್ಲರೂ ಮೊದಲಿನಂತೆ ಆಗುತ್ತಾರೆಂದು ಹೇಳಿದರೆ ಅದು ಸುಳ್ಳಾದೀತು. ಅನೇಕ ದೇಶಗಳ ಅನುಭವದಂತೆ ನೂರರಲ್ಲಿ 40ರಿಂದ 60 ಮಂದಿ ಮಾತ್ರ ಹಿಂದಿನ ನಡಿಗೆಯನ್ನು ಪಡೆಯುತ್ತಾರೆ. ಉಡುವ ತೊಡುವ ಕೆಲಸಗಳು ಬರುವುದಿದ್ದರೆ ಬಹುಮಟ್ಟಿಗೆ ಮೊದಲ ಆರು ತಿಂಗಳಲ್ಲಿ ಬರುತ್ತವೆ. ನಡಿಗೆಯ ಬಲ, ಪೇಟೆಗೆ ಹೋಗಿಬರುವ ಶಕ್ತಿ ಒಂದು ವರ್ಷದವರೆಗೂ ಸುಧಾರಿಸುತ್ತ ಹೋಗುತ್ತವೆ. ಕೆಲವರು ಕೋಲನ್ನು ಎಂದೂ ಬಿಡಲಾರರು. ಕೋಲು ಹಿಡಿದು ನಡೆಯುವುದು ಸೋಲಲ್ಲ. ಆರು ಕೆಲಸಗಳಲ್ಲಿ ನಾಲ್ಕು ಮಾತ್ರ ಬಂದರೂ, ಆ ನಾಲ್ಕನ್ನು ಅವರಿಂದ ಕಿತ್ತುಕೊಳ್ಳದಿರುವುದು ಮನೆಯವರ ಧರ್ಮ. ಒಮ್ಮೆ ಮುರಿದವರಿಗೆ ಇನ್ನೊಂದು ಮುರಿತದ ಅಪಾಯ ಹೆಚ್ಚು. ಹಾಲು, ಮೊಸರು, ಎಳ್ಳು, ತೊಗರಿಬೇಳೆ, ಶೇಂಗಾ ಊಟದಲ್ಲಿರಬೇಕು. ನಿತ್ಯ ಸ್ವಲ್ಪ ಹೊತ್ತು ಬಿಸಿಲಿಗೆ ಮೈಯೊಡ್ಡಬೇಕು. ಎಲುಬಿನ ಸವಕಳಿಗೆ ಔಷಧ ಬೇಕೆ ಎಂದು ವೈದ್ಯರನ್ನು ಕೇಳಬೇಕು.

ಮುಪ್ಪು ಯಾರನ್ನೂ ಬಿಟ್ಟದ್ದಲ್ಲ. ಇಂದು ಆಟದ ಬಯಲಿನಲ್ಲಿ ಬಿದ್ದು ಎದ್ದು ಓಡುವ ಹುಡುಗರಿಗೆ ಬೀಳುವುದೊಂದು ಆಟ. ಅವರಿಗೆ ನಡೆಯಲು ಕಲಿಸಿದ ಕೈಗಳೇ ಇಂದು ಒಂದು ಆಸರೆಯನ್ನು ಹುಡುಕುತ್ತಿರಬಹುದು. ಮಗುವಿಗೆ ನಡೆಯಲು ಕಲಿಸುವ ತಾಯಿ ಅದನ್ನು ಸದಾ ಎತ್ತಿಕೊಂಡಿರುವುದಿಲ್ಲ; ಎರಡು ಹೆಜ್ಜೆ ದೂರ ನಿಂತು ಕೈ ಚಾಚುತ್ತಾಳೆ. ಬಿದ್ದರೆ ಹಿಡಿಯುವಷ್ಟು ಹತ್ತಿರ, ತಾನೇ ನಡೆಯುವಷ್ಟು ದೂರ. ವೃದ್ಧರ ಬಳಿಯಲ್ಲಿಯೂ ನಿಲ್ಲಬೇಕಾದ ಅಂತರ ಅಷ್ಟೇ. ಕೈ ಹಿಡಿಯುವುದು ಎಷ್ಟು ಮುಖ್ಯವೋ, ಸಮಯವರಿತು ಕೈ ಬಿಡುವುದೂ ಅಷ್ಟೇ ಮುಖ್ಯ.